ಎಡಕ್ಕೆ ಹಾರುವ ಕಣ್ಣು

"ಓದೋಕೆ ಬರುತ್ತೇನ್ರೀ ಇದು?"

ದೊಡ್ಡ ಡಾಕ್ಟರು ಹಾಳೆಯನ್ನು ಎರಡು ಬೆರಳಿನಿಂದ ಮೇಜಿನ ಮೇಲೆ ನೂಕಿದರು. ಕೈಗೆ ಕೊಟ್ಟರೆ ಕೈ ತಾಗೀತು ಎಂಬ ಹಾಗೆ.

"ಬರೋದಿಲ್ಲ ಸರ್. ನೀವೇ ಓದಿ ಹೇಳಿ" ಎಂದಳು ಬೆರಳಮ್ಮ.

ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯ ಬೆರಳುಮುದ್ರೆ ವಿಭಾಗದಲ್ಲಿ ಭೂತಗನ್ನಡಿ ಹಿಡಿದು ಕೂತವಳಿಗೆ ಅಲ್ಲಿನವರೇ ಇಟ್ಟ ಹೆಸರು ಅದು. ಅವಳು ನಿವೃತ್ತಳಾದಳು, ಹೆಸರು ಆಗಲಿಲ್ಲ. ಕಷ್ಟದಲ್ಲಿದ್ದವರು ಬಂದು ಬಾಗಿಲು ತಟ್ಟುವುದೂ ನಿಲ್ಲಲಿಲ್ಲ.

ಹನ್ನೊಂದು ದಿನದ ಹಿಂದೆ ಇದೇ ಸಂಶೋಧನಾಲಯದ ಮೂರನೆಯ ಮಹಡಿಯ ಮೆಟ್ಟಿಲಿನಿಂದ ಉರುಳಿ ಸತ್ತ ಕುರ್ಚಿಯಕ್ಕನ ಕಡತ ಇವತ್ತು ಸಂಜೆ ಮುಚ್ಚಲಿತ್ತು.

ಕುರ್ಚಿಯಕ್ಕ ಎಂದರೆ ತಲೆಸುತ್ತಿನ ರೋಗಿಗಳನ್ನು ತಿರುಗುಕುರ್ಚಿಯಲ್ಲಿ ಕೂರಿಸಿ, ಗಾಗಲ್ಸ್ ತೊಡಿಸಿ, ಕಣ್ಣಿನ ಚಲನೆ ದಾಖಲಿಸುತ್ತಿದ್ದ ಟೆಕ್ನಿಷಿಯನ್. ಆರು ವರ್ಷ ಈ ಕೋಣೆಯಲ್ಲಿ ಅವಳದೇ ಕೆಲಸ.

"ಎಡಗಿವಿ ಸತ್ತಿದೆ" ಎಂದರು ಡಾಕ್ಟರು. ಹಾಳೆಯ ಮೇಲಿನ ಅಡ್ಡಗೆರೆಯ ಮೇಲೆ ಪೆನ್ನು ಆಡಿಸಿದರು. "ಕಿವಿಗೆ ತಣ್ಣೀರು ಬಿಟ್ಟಾಗ ಕಣ್ಣು ಹೊಡಕೋಬೇಕು. ಬಲಗಿವಿಗೆ ಬಿಟ್ಟಾಗ ನೋಡಿ, ಗರಗಸದ ಹಲ್ಲಿನ ಹಾಗೆ ಗೆರೆ. ಎಡಗಿವಿಗೆ ಬಿಟ್ಟಾಗ ಸಪಾಟು. ಇದು ಅವಳದೇ ಪರೀಕ್ಷೆ. ರೋಗ ಮುಚ್ಚಿಟ್ಟುಕೊಂಡು ಕೆಲಸ ಮಾಡ್ತಿದ್ದಳು. ತಲೆ ಸುತ್ತಿತು, ಬಿದ್ದಳು. ಇನ್ನೇನು ಬೇಕು ನಿಮಗೆ?"

"ಇನ್ನೇನೂ ಬೇಡ ಅಂತ ಕಾಣುತ್ತೆ, ಅಮ್ಮಾ" ಎಂದ ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರು. ತೊಡೆಯ ಮೇಲೆ ಕಡತ, ಕಿಸೆಯಲ್ಲಿ ಪೆನ್ನು, ಮುಖದಲ್ಲಿ ಊಟದ ಹೊತ್ತಾಯಿತು ಎಂಬ ಕಳೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆರಳಮ್ಮನ ಕೈಕೆಳಗೆ ಮಸಿ ಕಲಸಿದವನು. ಆ ಋಣಕ್ಕೇ ಇವತ್ತು ಅವಳನ್ನು ಒಳಗೆ ಬಿಟ್ಟಿದ್ದ.

"ರೋಗ ಇದ್ದೋಳು ತೆಗೆದ ದಾಖಲೆ ದಾಖಲೆಯೇ ಅಲ್ಲ" ಎಂದರು ಡಾಕ್ಟರು. " ಆರು ವರ್ಷದ್ದೂ ಅಳಿಸಿಹಾಕ್ತೀವಿ. ನನ್ನ ಸಂಶೋಧನೆಗೆ ಕುರ್ಚಿ ತಿರುಗಿಸೋರ ಮಸಿ ಹತ್ತಬಾರದು."

ಬಾಗಿಲ ಬಳಿ ನಿಂತಿದ್ದ ಹೆಂಗಸು ಕೊರಳಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿಯನ್ನು ಬಿಗಿಯಾಗಿ ಹಿಡಿದಳು. ಸತ್ತವಳ ತಂಗಿ ಅವಳು, ಹೊಲಿಗೆಯವಳು. ಅಂಗಡಿಯಿಂದ ನೇರ ಬಂದಿದ್ದಳು. ಬೆರಳಮ್ಮನ ಬಳಿ ಅವಳು ಕೇಳಿಕೊಂಡದ್ದು ಒಂದೇ ಮಾತು: ನನ್ನಕ್ಕ ಸುಳ್ಳಿ ಅಂತ ಬರೆದು ಮುಚ್ಚೋದು ಬೇಡ.

"ಅವಳಿಗೆ ತಲೆಸುತ್ತು ಇರಲಿಲ್ಲ" ಎಂದಳು ತಂಗಿ.

"ನೀವು ಬಟ್ಟೆ ಹೊಲೀರಮ್ಮ. ಇದು ಕಿವಿ."

ಈ ಡಾಕ್ಟರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ದೇವರು ಮನುಷ್ಯನ ಕಿವಿಯೊಳಗೆ ಮೂರು ಪುಟ್ಟ ಬಳೆ ಇಟ್ಟಿದ್ದಾನೆ, ನೀರು ತುಂಬಿದ ಬಳೆ. ತಲೆ ಆಡಿದರೆ ಆ ನೀರು ಆಡುತ್ತದೆ, ನೀರು ಆಡಿದ ಸುದ್ದಿ ಕಣ್ಣಿಗೆ ಮುಟ್ಟುತ್ತದೆ. ತಲೆ ಎಡಕ್ಕೆ ಹೋದಷ್ಟೇ ಕಣ್ಣು ಬಲಕ್ಕೆ ಜಾರಿ, ನೋಟವನ್ನು ಇದ್ದಲ್ಲೇ ಹಿಡಿಯುತ್ತದೆ. ಯಾರೂ ಕಲಿಸಬೇಕಿಲ್ಲ, ಯಾರೂ ಕೇಳಬೇಕಿಲ್ಲ. ಸಾಧು ಸಂತರು ಕಣ್ಮುಚ್ಚಿ ಕೂತು ಸಾಧಿಸುವ ಸ್ಥಿರತೆಯ ಒಂದು ಚೂರನ್ನು ಆತ ಪ್ರತಿ ಕೂಸಿಗೂ ಹುಟ್ಟುವಾಗಲೇ ಕೊಟ್ಟು ಕಳಿಸುತ್ತಾನೆ.

ನಮ್ಮ ಡಾಕ್ಟರಿಗೆ ಈ ಬಳೆಗಳ ಮುಂದೆ ಕೈ ಮುಗಿಯಬೇಕು ಎನ್ನಿಸಲಿಲ್ಲ. ಸುತ್ತು ನಿಲ್ಲಿಸುವ ಮದ್ದು ಕಂಡುಹಿಡಿದೆ ಎಂದು ಸಭೆಗಳಲ್ಲಿ ಹಾರ ಹಾಕಿಸಿಕೊಂಡರು. ಕಿವಿತಮಟೆಯ ಹಿಂದಕ್ಕೆ ಸೂಜಿಯಲ್ಲಿ ಬಿಡುವ ಮದ್ದು. ಸುತ್ತು ನಿಂತದ್ದು ನಿಜ. ಕಿವಿಯೇ ಸತ್ತಮೇಲೆ ಸುತ್ತು ಎಲ್ಲಿಂದ ಬರಬೇಕು? ಕುರ್ಚಿಯಕ್ಕ ಬರೆದಿಟ್ಟದ್ದು ಇಷ್ಟನ್ನೇ. ಅವಳ ಹಾಳೆಗಳು ಉಳಿದರೆ ಮದ್ದು ಉಳಿಯುವುದಿಲ್ಲ.

ಬೆರಳಮ್ಮ ಹಾಳೆಯನ್ನು ಬೆಳಕಿಗೆ ಹಿಡಿದಳು. ಮೇಲೆ ಸತ್ತವಳ ಹೆಸರು, ಆರು ತಿಂಗಳ ಹಿಂದಿನ ತಾರೀಕು. ಕೆಳಗೆ, ಅಂಚಿನಲ್ಲಿ, ಇರುವೆಗಾತ್ರದ ಒಂದು ಸಂಖ್ಯೆ.

"ಇದೇನು ಸರ್?"

"ಅದೆಲ್ಲ ಯಂತ್ರ ಹಾಕೋದು. ನನಗೆ ಅಂಥದ್ದು ನೋಡೋ ಪುರುಸೊತ್ತಿಲ್ಲ."

"ನಂಗಿದೆ" ಎಂದಿತು ಮೂಲೆಯಿಂದ ಒಂದು ದನಿ.

ಕಿವಿ ಟೀಚರು. ಪಕ್ಕದ ಕೋಣೆಯಲ್ಲಿ ಕಿವುಡು ಪರೀಕ್ಷೆ ಮಾಡುವಾಕೆ. ಹಿಂದೆ ಕಿವುಡುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಆ ಹೆಸರು. ಕುರ್ಚಿಯಕ್ಕ ಹೋದಮೇಲೆ ಈ ಕೋಣೆಯ ಬೀಗದ ಕೈ ಆಕೆಯ ಬಳಿ ಇತ್ತು. "ಅದು ಒಳಗಿನ ದಾಖಲೆಯ ನಂಬರು. ಮೇಲೆ ಹೆಸರು, ತಾರೀಕು ಏನು ಬೇಕಾದ್ರೂ ಟೈಪ್ ಮಾಡಬಹುದು. ಕೆಳಗಿನದಕ್ಕೆ ಕೈ ಹಾಕೋಕಾಗಲ್ಲ. ಆ ನಂಬರು ಹೊಡೆದ್ರೆ ಪರೀಕ್ಷೆಯ ವಿಡಿಯೋನೇ ಬರುತ್ತೆ."

"ವಿಡಿಯೋ?" ಎಂದರು ಡಾಕ್ಟರು.

"ಗಾಗಲ್ಸ್ ಒಳಗೆ ಕ್ಯಾಮೆರಾ ಇದೆಯಲ್ಲ ಸರ್. ಗೆರೆ ಹುಟ್ಟೋದೇ ಅದರಿಂದ." ಟೀಚರ ದನಿಯಲ್ಲಿ ಒಂದಿಷ್ಟು ಜೇನು, ಒಂದಿಷ್ಟು ಬೇವು. "ತಾವು ಗೆರೆ ಮಾತ್ರ ನೋಡ್ತಿದ್ರಿ. ಈ ಕೋಣೆಗೆ ತಾವು ಬಂದದ್ದಾದರೂ ಯಾವಾಗ?"

ಇನ್‌ಸ್ಪೆಕ್ಟರು ಕೆಮ್ಮಿದ. ನಗು ಅಡಗಿಸುವ ಕೆಮ್ಮು.

"ಅದಕ್ಕೂ ಮುಂಚೆ ಟೀಚರೇ, ನಿಮ್ಮ ಗೆಳತಿಯ ಕಣ್ಣು ಎಲ್ಲಾದರೂ ಇದೆಯಾ?" ಎಂದು ಕೇಳಿದಳು ಬೆರಳಮ್ಮ.

"ಒಂದಲ್ಲ, ಆರು ವರ್ಷದ್ದಿದೆ. ದಿನಾ ಬೆಳಿಗ್ಗೆ ಮೊದಲ ರೋಗಿ ಬರೋ ಮುಂಚೆ ಗಾಗಲ್ಸ್ ತಾನೇ ಹಾಕ್ಕೊಂಡು ನೋಡ್ತಿದ್ದಳು. ಹತ್ತು ಸೆಕೆಂಡು. ಗೋಡೆಯ ಚುಕ್ಕೆ ನೋಡ್ತಾ ತಲೆನ ಎಡಕ್ಕೊಂದ್ಸಲ, ಬಲಕ್ಕೊಂದ್ಸಲ ಚಟಕ್ಕನೆ ತಿರುಗಿಸೋದು. 'ಬೇರೆಯವರ ಬಾಯಿಗೆ ಹಾಕೋ ಮುಂಚೆ ಅಡುಗೆಯವಳು ಉಪ್ಪು ನೋಡಬೇಡ್ವೇನೇ' ಅನ್ನೋಳು."

ಡಾಕ್ಟರ ಪೆನ್ನು ನಿಂತಿತು.

ಪರದೆಯ ಮೇಲೆ ಒಂದು ಕಣ್ಣು ಮೂಡಿತು. ಕಪ್ಪು ಬಿಳುಪು, ಅಂಗೈಯಷ್ಟು ದೊಡ್ಡದು. ಕೆಳಗೆ ತಾರೀಕು: ಅವಳು ಸತ್ತ ದಿನ. ವೇಳೆ: ಬೆಳಿಗ್ಗೆ ಎಂಟೂ ಐವತ್ತು.

ತಂಗಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

ತಲೆ ತಿರುಗಿತು. ಕಣ್ಣು ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಜಾರಿತು, ಎಣ್ಣೆ ಹಾಕಿದ ಬಾಗಿಲಿನ ಹಾಗೆ. ಇನ್ನೊಂದು ಬದಿಗೂ ಹಾಗೇ.

"ಕಿವಿ ಸತ್ತಿದ್ದರೆ?" ಎಂದಳು ಬೆರಳಮ್ಮ.

"ಸತ್ತ ಕಡೆಗೆ ತಲೆ ತಿರುಗಿಸಿದ್ರೆ ಕಣ್ಣು ತಲೆಯ ಜೊತೆಗೇ ಹೋಗಿಬಿಡುತ್ತೆ. ಆಮೇಲೆ ತಪ್ಪು ಗೊತ್ತಾಗಿ, ಚಂಗನೆ ಹಾರಿ ಚುಕ್ಕೆಗೆ ವಾಪಸ್ ಬರುತ್ತೆ. ಇಲ್ಲಿ ಹಾರಿಲ್ಲ. ಎರಡು ಕಿವಿನೂ ಗಟ್ಟಿಮುಟ್ಟು."

"ಅಂದರೆ ಸಾಯೋ ದಿನ ಬೆಳಿಗ್ಗೆ ಅವಳಿಗೆ ತಲೆಸುತ್ತಿನ ರೋಗ ಇರಲಿಲ್ಲ" ಎಂದಳು ಬೆರಳಮ್ಮ. ಇನ್‌ಸ್ಪೆಕ್ಟರ ಕಡೆ ತಿರುಗಿ ಹೇಳಿದಳು, ಡಾಕ್ಟರ ಕಡೆಗಲ್ಲ.

"ಹತ್ತು ಸೆಕೆಂಡಿನ ಆಟ!" ಎಂದರು ಡಾಕ್ಟರು. "ಅದನ್ನ ಪರೀಕ್ಷೆ ಅಂತಾರೇನ್ರೀ?"

"ಹಾಗಾದರೆ ನಿಮ್ಮ ಹಾಳೆಯದೇ ನೋಡೋಣ. ಟೀಚರೇ, ಆ ನಂಬರು ಹೊಡೀರಿ."

"ಬೇಡ. ಅದು ಗೌಪ್ಯ ದಾಖಲೆ."

"ಸತ್ತವಳದು ಅಂತ ಹಾಳೆ ನೀವೇ ಕೊಟ್ರಲ್ಲ ಸರ್" ಎಂದ ಇನ್‌ಸ್ಪೆಕ್ಟರು. ಊಟದ ಕಳೆ ಈಗ ಅವನ ಮುಖದಲ್ಲಿರಲಿಲ್ಲ. "ಹೊಡೀರಿ ಟೀಚರ್."

ಎರಡನೆಯ ಕಣ್ಣು ಬಂತು. ಅದರ ಪಕ್ಕದಲ್ಲೇ ಟೀಚರು ಮೊದಲನೆಯದನ್ನೂ ನಿಲ್ಲಿಸಿದರು.

ಬೆರಳಮ್ಮ ಚೀಲದಿಂದ ಭೂತಗನ್ನಡಿ ತೆಗೆದಳು. ಪರದೆಗೆ ಭೂತಗನ್ನಡಿ ಬೇಕಿರಲಿಲ್ಲ. ಕೈಯಲ್ಲಿ ಹಿಡಿಯದಿದ್ದರೆ ಅವಳಿಗೆ ಯೋಚನೆ ಬರುತ್ತಿರಲಿಲ್ಲ. ಪಾಪೆಯ ಸುತ್ತಲಿನ ಉಂಗುರದಲ್ಲಿ ನೂಲಿನಂಥ ಎಳೆಗಳು, ಗುಳಿಗಳು, ಸುಕ್ಕುಗಳು. ಮೂವತ್ತೊಂದು ವರ್ಷ ಸುಳಿ, ಕಮಾನು, ಕವಲು ಎಣಿಸಿದ ಕಣ್ಣಿಗೆ ಇದು ಪರಿಚಯದ ಊರೇ. ದೇವರು ಒಂದು ಹೆಬ್ಬೆರಳಿಗೆ ಹಾಕಿದ ರಂಗೋಲಿಯನ್ನು ಇನ್ನೊಂದಕ್ಕೆ ಹಾಕುವುದಿಲ್ಲ, ಕಣ್ಣಿಗೂ ಅಷ್ಟೆ. ಕಳ್ಳರು ಮಾತ್ರ ಅವನನ್ನು ತಮ್ಮಷ್ಟೇ ಸೋಮಾರಿ ಎಂದುಕೊಳ್ಳುತ್ತಾರೆ.

"ಎರಡು ಬೇರೆ ಕಣ್ಣು" ಎಂದಳು. "ಎಡಗಡೆಯದು ಕುರ್ಚಿಯಕ್ಕನದು, ಪಾಪೆ ದುಂಡಗಿದೆ. ಬಲಗಡೆಯದಕ್ಕೆ ಪಾಪೆಯ ಅಂಚಲ್ಲಿ ಕೆಳಗೊಂದು ಕಚ್ಚು. ಹಳೇ ಪೆಟ್ಟೋ, ಶಸ್ತ್ರಚಿಕಿತ್ಸೆಯೋ. ಸರ್, ಆಗ ನೀವು ಬಗ್ಗಿ ಗೆರೆ ತೋರಿಸ್ತಿದ್ರಲ್ಲ, ನಿಮ್ಮ ಕನ್ನಡಕದ ದಪ್ಪ ಗಾಜಲ್ಲಿ ನಿಮ್ಮ ಕಣ್ಣೂ, ಅದರ ಇದೇ ಕಚ್ಚೂ ಚೆನ್ನಾಗಿ ದೊಡ್ಡದಾಗಿ ಕಾಣ್ತಿತ್ತು."

ಡಾಕ್ಟರು ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡರು.

"ಏನು ಹೇಳ್ತಿದ್ದೀರಿ ಅಂತ ಎಚ್ಚರ ಇದೆಯಾ? ಮಸಿಯಲ್ಲಿ ಬೆರಳದ್ದಿ ಜೀವನ ಕಳೆದೋರು ನನ್ನ ಕಣ್ಣಿನ ಬಗ್ಗೆ ಮಾತಾಡೋದಾ?"

"ತಪ್ಪಿದ್ರೆ ತಿದ್ದಿ. ನನ್ನ ಮೂಗು ನೋಡ್ತಾ ಕೂತ್ಕೊಳ್ಳಿ, ಟೀಚರು ನಿಮ್ಮ ತಲೆ ಎಡಕ್ಕೆ ಒಂದೇ ಒಂದ್ಸಲ ತಿರುಗಿಸ್ತಾರೆ. ಕಣ್ಣು ಹಾರದಿದ್ರೆ ಎಲ್ಲರೆದುರು ನಿಮ್ಮ ಕಾಲಿಗೆ ಬೀಳ್ತೀನಿ."

"ನಂಗೆ ಕತ್ತು ನೋವು."

"ಯಾವತ್ತಿಂದ?"

"ಅದೆಲ್ಲ ನಿಮಗ್ಯಾಕೆ!"

"ಇಡೀ ಊರಿನ ಕತ್ತು ತಿರುಗಿಸೋ ಡಾಕ್ಟರಿಗೆ ತನ್ನ ಕತ್ತು ಇಷ್ಟು ದುಬಾರಿ ಅಂತ ಗೊತ್ತಿರಲಿಲ್ಲ ನಂಗೆ" ಎಂದರು ಟೀಚರು ಪರದೆಗೇ ಹೇಳುವವರಂತೆ. ಆಮೇಲೆ ತಿರುಗಿದರು. "ಬೆರಳಮ್ಮಾ, ತಲೆ ಹಿಡಿಯೋದೇ ಬೇಡ. ಇದಕ್ಕೆ ಸದ್ದೂ ಇದೆ."

"ಯಾವ ಸದ್ದು?" ಡಾಕ್ಟರ ದನಿ ಒಂದು ಮೆಟ್ಟಿಲು ಕೆಳಗಿಳಿದಿತ್ತು.

"ಕತ್ತಲೆ ಮುಚ್ಚಳ ಹಾಕಿ, ಕಿವಿಗೆ ನೀರು ಬಿಟ್ಟಾಗ ರೋಗಿ ಸುಮ್ಮನಿರಬಾರದು ಸರ್. ಮನಸ್ಸು ಮಂಪರಾದ್ರೆ ಕಣ್ಣೂ ಹೊಡಕೊಳ್ಳೋದು ಬಿಡುತ್ತೆ. ಅದಕ್ಕೆ ಮಾತಾಡಿಸ್ತಾನೇ ಇರಬೇಕು. ಎಣಿಸಿ ಅನ್ನೋದು, ಅತ್ತೆ ಮನೆ ಸುದ್ದಿ ಕೇಳೋದು. ರೋಗಿ ಎಚ್ಚರ ಇದ್ದನೋ ಇಲ್ಲವೋ ಆಮೇಲೆ ಗೊತ್ತಾಗಲಿ ಅಂತ ಅವಳು ಮೈಕು ಹಾಕಿಸಿಕೊಂಡಿದ್ದಳು. ಒಂದೇ ಒಂದು ದಿನ ಈ ಪರೀಕ್ಷೆ ತಾವೇ ಮಾಡಿದ್ರೆ ತಮಗೂ ಗೊತ್ತಿರ್ತಿತ್ತು."

ಡಾಕ್ಟರು ಎದ್ದರು. ಇನ್‌ಸ್ಪೆಕ್ಟರು ಕಾಲು ಚಾಚಿ ದಾರಿಗೆ ಅಡ್ಡ ಇಟ್ಟ. ಡಾಕ್ಟರು ಕೂತರು.

ಟೀಚರು ಗುಂಡಿ ಒತ್ತಿದರು. ಒಳಗಿನ ತಾರೀಕು ಪರದೆಯ ಕೆಳಗೆ ಮೂಡಿತು. ಆರು ತಿಂಗಳ ಹಿಂದಿನದಲ್ಲ. ಅವಳು ಸತ್ತ ದಿನದ್ದೇ. ಬೆಳಿಗ್ಗೆ ಹನ್ನೊಂದೂ ಏಳು.

"ಎಡಗಿವಿಗೆ ಏನೂ ಇಲ್ಲ ಸರ್." ಸತ್ತವಳ ದನಿ. ಬಿಸಿಯೂ ಇಲ್ಲದ, ತಂಪೂ ಇಲ್ಲದ, ಕೆಲಸದ ದನಿ. "ನಾನು ಹೇಳಿದ್ದೆನಲ್ಲ. ಈಗ ಬಲಗಿವಿ. ತಣ್ಣೀರು ಬರುತ್ತೆ. ಕಣ್ಣು ತೆರೆದಿಡಿ."

ನೀರಿನ ಸದ್ದು. ಕಣ್ಣು ಮೆಲ್ಲಗೆ ಬಲಕ್ಕೆ ಜಾರತೊಡಗಿತು, ಸರಕ್ಕನೆ ಎಡಕ್ಕೆ ಹಾರಿತು. ಮತ್ತೆ ಜಾರಿತು, ಮತ್ತೆ ಹಾರಿತು.

"ಅಯ್ಯಯ್ಯೋ, ಎಲ್ಲಾ ಸುತ್ತುತ್ತಾ ಇದೆ." ಇದು ಡಾಕ್ಟರ ದನಿ. ಅದರಲ್ಲಿ ದೊಡ್ಡ ಡಾಕ್ಟರು ಎಲ್ಲೂ ಇರಲಿಲ್ಲ. ಜಾತ್ರೆಯ ತಿರುಗುತೊಟ್ಟಿಲಲ್ಲಿ ಹೆದರಿದ ಮುದುಕ ಇದ್ದ.

"ಮಾತಾಡ್ತಿರಿ ಸರ್, ಸುಮ್ಮನಾಗಬೇಡಿ. ಎಣಿಸಿ."

"ಏನನ್ನ?"

"ನಿಮ್ಮ ಮದ್ದು ಹಾಕಿಸಿಕೊಂಡೋರನ್ನ."

"ಹನ್ನೊಂದು ಜನ."

"ಅವರಲ್ಲಿ ಕಿವಿ ಸತ್ತೋರು?"

ಕಣ್ಣು ಜಾರಿತು, ಹಾರಿತು. ಜಾರಿತು, ಹಾರಿತು.

"ಮಾತಾಡಿ ಸರ್."

"ಒಂಬತ್ತು... ನನ್ನ ಬಿಟ್ಟು."

ತಂಗಿಯ ಬಾಯಿಂದ ಒಂದು ಉಸಿರು ಹೊರಬಿತ್ತು. ಹನ್ನೊಂದು ದಿನದಿಂದ ಒಳಗೇ ಇದ್ದ ಉಸಿರು.

ಬೆರಳಮ್ಮ ಡಾಕ್ಟರನ್ನು ನೋಡಿದಳು. ಕೊಲೆಗಾರರನ್ನು ನೋಡಿದ್ದಾಳೆ ಅವಳು, ಮನೆಮುರುಕರನ್ನು ನೋಡಿದ್ದಾಳೆ. ಅವರ ಮೇಲೆಲ್ಲ ಸಿಟ್ಟು ಬಂದಿತ್ತು, ಕೆಲವರ ಮೇಲೆ ಮರುಕವೂ. ಈ ಮನುಷ್ಯನ ಮೇಲೆ ಸಿಟ್ಟು ಬರಲೂ ಮನಸ್ಸು ಒಪ್ಪಲಿಲ್ಲ. ಊಟದಲ್ಲಿ ಸಿಕ್ಕ ಕೂದಲನ್ನು ತೆಗೆದು ಪಕ್ಕಕ್ಕಿಡುವಾಗ ಇರುವ ಭಾವ ಅದು.

"ನಿಮ್ಮ ಸತ್ತ ಕಿವಿಯನ್ನ ಅವಳ ತಲೆಗೆ ಹೊಲಿದ್ರಿ" ಎಂದಳು. "ಹೆಣಕ್ಕೆ ಉತ್ತರ ಕೊಡೋಕೆ ಬರಲ್ಲ ಅಂತ. ಹೊಲಿಗೆನೂ ನೆಟ್ಟಗೆ ಬರಲಿಲ್ಲ. ಈ ಹುಡುಗಿಯ ಹತ್ತಿರ ಕಲಿತುಕೊಂಡಿದ್ರೆ ಆಗ್ತಿತ್ತು."

"ನಾನು... ಸಂಶೋಧನೆ ಉಳಿಸೋಕೆ..." ಡಾಕ್ಟರ ತುಟಿ ಒಣಗಿತ್ತು. "ನನ್ನ ಮೇಲೇ ಪ್ರಯೋಗ ಮಾಡ್ಕೊಂಡಿದ್ದೆ. ಅದು ತ್ಯಾಗ."

"ತ್ಯಾಗ ಮಾಡಿದೋರು ಬೇರೆಯವರ ಹೆಸರಲ್ಲಿ ಮಾಡಲ್ಲ" ಎಂದರು ಟೀಚರು.

ಇನ್‌ಸ್ಪೆಕ್ಟರು ಕಡತ ತೆರೆದ. "ಅಮ್ಮಾ, ಸಾಕಲ್ವಾ? ಗುಟ್ಟು ಹೊರಗೆ ಬರುತ್ತೆ ಅಂತ ಮೆಟ್ಟಿಲಿಂದ ನೂಕಿದ್ದಾರೆ. ಇನ್ನು ಬರ್ಕೊಳ್ಳೋದೇ."

ಯಂತ್ರವನ್ನು ಯಾರೂ ನಿಲ್ಲಿಸಿರಲಿಲ್ಲ.

ಬಾಗಿಲು ತೆರೆದ ಸದ್ದು ಬಂತು. ಪರದೆಯಲ್ಲಿ ಕಣ್ಣು ಇನ್ನೂ ಜಾರುತ್ತಿತ್ತು, ಹಾರುತ್ತಿತ್ತು. ದೂರದಿಂದ ಒಂದು ಹೆಣ್ಣುದನಿ: "ಅಕ್ಕಾ, ಹೊರಗೆ ಬಾ. ಇವತ್ತು ಎರಡರಲ್ಲೊಂದು ಆಗ್ಲಿ."

"ಇಲ್ಲಿಗ್ಯಾಕೆ ಬಂದೆ?" ಕುರ್ಚಿಯಕ್ಕನ ದನಿ. ಕೆಲಸದ ದನಿ ಒಡೆದಿತ್ತು. ಆಮೇಲೆ ಹತ್ತಿರದಿಂದ, ಮೆತ್ತಗೆ: "ಒಂದು ನಿಮಿಷ ಸರ್. ಏಳಬೇಡಿ. ಈಗ ಎದ್ದರೆ ಬೀಳ್ತೀರಿ."

ಹೆಜ್ಜೆಗಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಹೊರಗೆ ಇಬ್ಬರ ಮಾತು, ಒಂದರ ಮೇಲೊಂದು. ಪದ ತಿಳಿಯದು, ಬಿಸಿ ತಿಳಿಯುತ್ತಿತ್ತು.

ಡಾಕ್ಟರ ಒಂಟಿ ದನಿ ಹತ್ತಿರದಲ್ಲಿ: "ಎಲ್ಲಿ ಹೋದೆ? ಏ! ಎಲ್ಲಿ ಹೋದೆ?"

ಆಗ ಬಂತು ಆ ಸದ್ದು. ಕಿರುಚಾಟ ಅರ್ಧಕ್ಕೇ ನಿಂತು, ಮೆಟ್ಟಿಲ ಮೇಲೆ ಮೈ ಉರುಳುವ ಸದ್ದು. ಒಂದು, ಎರಡು, ಮೂರು. ಆಮೇಲೆ ಏನೂ ಇಲ್ಲ.

ಪರದೆಯ ಮೇಲೆ ಕಣ್ಣು ಬಲಕ್ಕೆ ಜಾರಿತು. ಎಡಕ್ಕೆ ಹಾರಿತು. ಜಾರಿತು. ಹಾರಿತು.

ಟೀಚರ ಕೈ ಬಾಯಿಗೆ ಹೋಯಿತು. ಬೆರಳಮ್ಮನಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು, ಅರ್ಥವಾದದ್ದು ಅವಳಿಗೆ ಹಿಡಿಸಲಿಲ್ಲ.

ಕುರ್ಚಿಯಕ್ಕ ಬೀಳುವ ಹೊತ್ತಿಗೆ ಈ ಕಣ್ಣು ಗಾಗಲ್ಸಿನೊಳಗೇ ಇತ್ತು. ಒರಗಿಸಿದ ಕುರ್ಚಿಯಲ್ಲಿ, ಕತ್ತಲಲ್ಲಿ, ಲೋಕವೇ ಗಿರ್ರನೆ ತಿರುಗುತ್ತಿದ್ದ ಮನುಷ್ಯ. ಕಳ್ಳತನಕ್ಕೆ ಸಾಕ್ಷಿ ಹೇಳಿದ ಅದೇ ಕಣ್ಣು ಅವನು ನೂಕಲಿಲ್ಲ ಎಂದೂ ಹೇಳುತ್ತಿತ್ತು.

ಡಾಕ್ಟರು ನಿಧಾನವಾಗಿ ನೆಟ್ಟಗಾದರು. ಒಣಗಿದ ತುಟಿಗೆ ಜೀವ ಬಂತು, ಹಳೆಯ ತಾತ್ಸಾರವೂ.

"ನೋಡಿದ್ರೇನ್ರೀ? ನಾನು ಕುರ್ಚೀಲೇ ಇದ್ದೆ! ಮಸಿಯ ಬೆರಳಿಗೆ ಇದು ಅರ್ಥ ಆಗುತ್ತೋ ಇಲ್ವೋ, ಅಲ್ಲಿ ಬಾಗಿಲ ಹೊರಗೆ ಬಂದವಳು ಯಾರು ಅಂತ ಕೇಳಿ. ಹೆಂಗಸು. ಅಕ್ಕ ಅಂದಳು."

"ಈ ಕಟ್ಟಡದಲ್ಲಿ ಎಲ್ಲರೂ ಅವಳನ್ನ ಅಕ್ಕ ಅಂತಿದ್ರು" ಎಂದರು ಟೀಚರು ತಟ್ಟನೆ. ಆದರೆ ಕಿವಿ ಪರೀಕ್ಷೆಯಲ್ಲೇ ತಲೆ ನೆರೆತ ಆಕೆ ಯಾರ ಮುಖವನ್ನೂ ನೋಡಲಿಲ್ಲ.

ಇನ್‌ಸ್ಪೆಕ್ಟರು ಯಂತ್ರ ನಿಲ್ಲಿಸಲು ಕೈ ಚಾಚಿದ.

ಆ ಕೈಯನ್ನು ತಂಗಿ ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳುಗಳು.

"ಯಾರನ್ನೂ ಕೇಳಬೇಡಿ ಸಾರ್. ಅದು ನನ್ನ ದನಿ."

"ಮಗಳೇ" ಎಂದಳು ಬೆರಳಮ್ಮ. ಭೂತಗನ್ನಡಿಯನ್ನು ಚೀಲಕ್ಕೆ ಹಾಕಿದಳು. "ನನ್ನ ಹತ್ತಿರ ಬಂದು ನೀನು ಇದನ್ನ ಹೇಳಲಿಲ್ಲ."

"ಹೇಳಿದ್ರೆ ನೀವು ಮೊದಲು ನನ್ನ ಹಿಂದೆ ಬರ್ತಿದ್ರಿ. ಇವರ ಹಾಳೆಯ ಹಿಂದೆ ಯಾರು ಹೋಗ್ತಿದ್ರು ಅಮ್ಮಾ?"

ಡಾಕ್ಟರು ನಕ್ಕರು. ತಂಗಿ ಆ ಕಡೆ ತಿರುಗಿಯೂ ನೋಡಲಿಲ್ಲ. ನೆಲ ಒರೆಸುವಾಗ ಕಾಲಿಗೆ ತಾಗಿದ ಬಕೆಟ್ಟಿಗೂ ಜನ ಅದಕ್ಕಿಂತ ಹೆಚ್ಚು ಗಮನ ಕೊಡುತ್ತಾರೆ. ಇನ್‌ಸ್ಪೆಕ್ಟರ ಎದುರಿನ ಕುರ್ಚಿ ಎಳೆದು ಕೂತು, ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ತೆರೆದ ಕಡತದಲ್ಲಿ 'ತಲೆಸುತ್ತು' ಎಂಬ ಮಾತಿನ ಮೇಲೆ ಬೆರಳಿಟ್ಟಳು.

"ಮೊದಲು ಇದನ್ನ ಹೊಡೆದುಹಾಕಿ. ನನ್ನಕ್ಕನಿಗೆ ರೋಗ ಇರಲಿಲ್ಲ, ಅವಳು ಬರೆದದ್ದೆಲ್ಲ ನಿಜ ಅಂತ ಬರೀರಿ. ಕೆಳಗೆ ಸಹಿ ಹಾಕಿ, ನನಗೆ ಓದಿ ಹೇಳಿ."

ಇನ್‌ಸ್ಪೆಕ್ಟರು ಬೆರಳಮ್ಮನನ್ನು ನೋಡಿದ. ಬೆರಳಮ್ಮ ಕಣ್ಣು ಮುಚ್ಚಿ, ತೆರೆದು, ತಲೆಯಾಡಿಸಿದಳು. ಅವನು ಬರೆದ. ಸಹಿ ಹಾಕಿದ. ಒಂದೊಂದೇ ಪದ ಓದಿ ಹೇಳಿದ.

ತಂಗಿ ಕೊನೆಯ ಪದದವರೆಗೂ ಕೇಳಿದಳು.

"ಸರಿ" ಎಂದಳು. "ಈಗ ಹಾಳೆ ತಿರುಗಿಸಿ. ಮನೆ ಜಗಳಕ್ಕೆ ಎಳೆದಾಡ್ತಾ, ಮೆಟ್ಟಿಲ ಮೇಲೆ ಅವಳ ಕೈ ಬಿಟ್ಟದ್ದು ನಾನೇ. ಆದರೆ ನೂಕಲಿಲ್ಲ, ಅವಳೇ ಆಯ ತಪ್ಪಿದಳು."